ಹದಿನೇಳನೇ ತಾರೀಕು ಎಲ್ಲಿ ಹೋಯಿತು

ಇಪ್ಪತ್ತು, ಗುರುವಾರ

ಮಂಗಳ ಗ್ರಹದ ಮೇಲಿನ ಬಂಡಿಯನ್ನು ಇಲ್ಲಿಂದ ಓಡಿಸುವ ಎಂಜಿನಿಯರು ಇವತ್ತು ರಜೆ ವಿಭಾಗಕ್ಕೆ, ನನ್ನ ಮೇಜಿಗೇ ಬಂದಿದ್ದ. ಅಲ್ಲಿಯ ದಿನ ನಮ್ಮದಕ್ಕಿಂತ ನಲವತ್ತು ನಿಮಿಷ ಹೆಚ್ಚು ಉದ್ದವಂತೆ, ಇವನ ಪಾಳಿಯೂ ದಿನಾ ಅಷ್ಟು ತಡ. ಹಾಜರಿ ಒತ್ತುವುದು ಪಾಳಿಗೆ ಬಂದಾಗ ಮಾತ್ರ; ಹದಿನಾರರ ರಾತ್ರಿ ಹನ್ನೊಂದೂ ಐವತ್ತಕ್ಕೆ ಒತ್ತಿದ್ದಾನೆ. ಮುಂದಿನ ಪಾಳಿಗೆ ಬರುವಾಗ ಹದಿನೆಂಟು ಶುರುವಾಗಿ ಅರ್ಧ ಗಂಟೆ. ಹದಿನೇಳಕ್ಕೆ ಹಾಜರಿಯೇ ಇಲ್ಲ; ಹಾಜರಿ ಯಂತ್ರ ಅವನ ಒಂದು ರಜೆ ಕತ್ತರಿಸಿದೆ.

"ಒಂದು ಪಾಳೀನೂ ತಪ್ಪಿಸಿಲ್ಲ ಮೇಡಂ. ಹೆಂಡತಿ ಹೆರಿಗೆಗೆ ಅಂತ ಇಟ್ಕೊಂಡಿದ್ದ ರಜೆ ಅದು."

ಅವನೂ ಸರಿ, ಯಂತ್ರವೂ ಸರಿ. ತಲೆಬುಡ ತಿಳಿಯದೆ "ನಿಯಮ ಕಣಪ್ಪ" ಅಂತ ರಜೆ ಕಡಿತಕ್ಕೆ ಸಹಿ ಹಾಕಿ ಕಳಿಸಿಬಿಟ್ಟೆ.

ಈಗ ಗಡಿಯಾರ ನೋಡಿದರೆ ರಾತ್ರಿ ಹನ್ನೆರಡೂ ಹತ್ತು. ಬರೆಯಲು ಕೂತಾಗಲೇ ಹನ್ನೆರಡು ದಾಟಿತ್ತು. ಅಂದರೆ ಇಪ್ಪತ್ತರಂದು ನಾನು ದಿನಚರಿಯಲ್ಲಿ ಒಂದಕ್ಷರವೂ ಬರೆದಿಲ್ಲ. ಆದರೆ ನಾನು ಇದ್ದೆನಲ್ಲ, ದಿನವಿಡೀ ಇದ್ದೆ, ಆ ಹಾಳು ಸಹಿ ಹಾಕಿದ್ದೂ ಇಪ್ಪತ್ತರಂದೇ.