ನಾಲ್ಕನೆಯ ಚುಕ್ಕಿ

ಸಂಖ,
೯ ಫೆಬ್ರುವರಿ ೨೦೨೫

ಪ್ರೀತಿಯ ತಂಗಿ ದಾಕ್ಷಾಯಣಿಗೆ ಅಕ್ಕ ಶಾಂತಾದೇವಿಯ ಆಶೀರ್ವಾದ.

ಸಂಕ್ರಮಣಕ್ಕೇ ಬರೆಯಬೇಕಿದ್ದ ಪತ್ರ, ತಡವಾಯಿತು, ಬೈಯಬೇಡ. ಫೋನು ಮಾಡಬಹುದಿತ್ತು, ಆದರೆ ನೀನು ಅರ್ಧಕ್ಕೇ ಅಳಲು ಶುರು ಮಾಡುತ್ತೀ, ನನ್ನ ಮಾತು ಹೊಟ್ಟೆಯಲ್ಲೇ ಉಳಿಯುತ್ತದೆ. ಡಫಳಾಪುರದಲ್ಲಿ ನಿಮ್ಮ ದ್ರಾಕ್ಷಿ ಕಟಾವು ಮುಗಿಯಿತೇ? ಇಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡುಗಳು ತುಂಬಿವೆ. ಆರಿಸಲು ನಾನು ಈಗಲೂ ಹೋಗುತ್ತಿದ್ದೇನೆ.

ನನ್ನ ರಕ್ತನಾಳಗಳ ಬಾವಿನ ವಿಷಯ ನಿನಗೆ ಗೊತ್ತೇ ಇದೆ. ಮೈ ಕಾಯಬೇಕಾದ ಶಕ್ತಿಯೇ ಮೈಯನ್ನು ಕಚ್ಚುವ ರೋಗ. ಹೋದ ವರ್ಷ ಶ್ವಾಸಕೋಶದಲ್ಲಿ ನಾಲ್ಕು ಚುಕ್ಕಿ ಕಂಡಿದ್ದವು. ಗುಳಿಗೆಗೆ ಮೂರು ಕರಗಿದವು, ನಾಲ್ಕನೆಯದು ಬೆಳೆದಿದೆ. ಅದೂ ಅದೇ ರೋಗ, ನಿಧಾನಕ್ಕೆ ಕರಗೀತು ಎಂದು ನಾವೆಲ್ಲ ಕೂತಿದ್ದೆವು. ಮಿರಜಿನ ಡಾಕ್ಟರ್ ಸ್ವಪ್ನಾಲಿ ಕೂರಲಿಲ್ಲ. ಅವರು ಮರಾಠಿಯಲ್ಲಿ ಹೇಳಿದ್ದಿಷ್ಟು: ಈ ಬಾವು ಇದ್ದವರಿಗೆ ಕ್ಯಾನ್ಸರ್ ಬರಬಾರದೆಂದೇನಿಲ್ಲ, ಒಮ್ಮೊಮ್ಮೆ ಎರಡೂ ಒಟ್ಟಿಗೇ ಇರುತ್ತವೆ, ಫೋಟೋದಲ್ಲಿ ಒಂದೇ ಥರ ಕಾಣುತ್ತವೆ. ಸೂಜಿ ಹಾಕಿ ಚೂರು ತೆಗೆದು ನೋಡದೆ ಯಾವುದೆಂದು ಹೇಳಲಾಗದು.

ಮಾವ ಸೋಮನಿಂಗಪ್ಪ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲಿಲ್ಲ. "ಸೂಜಿ ತಾಗಿದ್ರ ಗಡ್ಡಿ ಮೈತುಂಬ ಹರಡತೈತಿ. ಮಲಗಿದ ಹಾವ ಯಾಕ ಕೆಣಕ್ತಿ? ನೀ ಏನ್ ಬೀಡಿ ಸೇದಾಕಿ ಅಲ್ಲ, ನಿನಗ್ಯಾಕ ಬರತೈತಿ ಅದು?" ಎಂದರು.

"ಹಾವೋ ಹಗ್ಗೋ ಅಂತ ನೋಡಾಕರ ಬೇಕಲ್ರಿ ಮಾವಾ," ಎಂದೆ. "ಮಣೂಕದಾಗ ಒಂದ ಕಾಳ ಮೆತ್ತಗ ಹತ್ತಿದ್ರ ನಾ ಹಿಚಕಿ ನೋಡದ ಪೆಟ್ಟಿಗಿಗೆ ಹಾಕಂಗಿಲ್ಲ. ನನ್ನ ಎದಿ ಒಂದ ಮಣೂಕಕ್ಕಿಂತ ಕಡಿಮಿ ಏನ್ರಿ?"

ಮನೆಯ ಹಿರಿಯ ಗಂಡಸರ ಸಹಿಯೇ ಬೇಕೆಂದು ಇಷ್ಟು ವರ್ಷ ನಾವು ತಿಳಿದಿದ್ದೆವಲ್ಲ. ಡಾಕ್ಟರು ನಕ್ಕು, ಎದೆ ನಿಮ್ಮದು, ನಿಮ್ಮ ಸಹಿಯೇ ಸಾಕು ಎಂದರು. ಮರಾಠಿ ಕಾಗದದ ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ ಸಹಿ ಹಾಕಿ ಬಂದೆ. ಕ್ಯಾನ್ಸರ್ ಆದರೆ ಅದಕ್ಕೆ ತಕ್ಕ ಮದ್ದು ಮಾಡಿಸುತ್ತೇನೆ, ಅಲ್ಲದಿದ್ದರೆ ಮಾವನಿಗೆ ಒಂದು ಪೆಟ್ಟಿಗೆ ಮಣೂಕ ತಿನ್ನಿಸುತ್ತೇನೆ. ಹೆದರಿಕೆ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಹೆಸರೇ ಗೊತ್ತಿಲ್ಲದ ರೋಗಕ್ಕೆ ತಲೆಬಾಗಿ ಮೂಲೆ ಹಿಡಿಯುವವಳು ನಾನಲ್ಲ.

ಹದಿನೇಳನೇ ತಾರೀಖು, ಸೋಮವಾರ, ಸೂಜಿ. ನೀನು ಮಿರಜಿಗೆ ಬಾ. ಬಿಳೂರಿನಿಂದ ಅಪ್ಪನೂ ಬರುತ್ತಾನೆ. ಅವನಿದ್ದಲ್ಲಿಗೆ ನೀನು ಬರುವುದಿಲ್ಲವೆಂದು ಗೊತ್ತು. ಆದರೂ ಬಾ ಎನ್ನುತ್ತಿದ್ದೇನೆ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮನೆ ತಂಪಾಗಿರಲಿ.

ನಿನ್ನ ಅಕ್ಕ,
ಶಾಂತಾ

ತಾ.ಕ.: ಹನ್ನೊಂದು ವರ್ಷದ ಹಿಂದೆ ಅವ್ವನ ಕೆಮ್ಮಿಗೂ ಸೂಜಿ ಹಾಕಿ ನೋಡೋಣ ಎಂದಿದ್ದರು. ಬೇಡವೆಂದು ಬರೆದುಕೊಟ್ಟ ಕಾಗದದ ಮೇಲೆ ಅಪ್ಪನ ಸಹಿ ಕಂಡು, ಅವ್ವ ಹೋದಂದಿನಿಂದ ನೀನು ಅವನ ಹೊಸ್ತಿಲು ತುಳಿದಿಲ್ಲ. ಅಪ್ಪ ಸೂಜಿಗೆ ಒಪ್ಪಿದ್ದ, ದಾಕ್ಷಾ. ಹರಡುತ್ತದೆ, ಬೇಡ ಎಂದು ಅವನ ಕಾಲು ಹಿಡಿದವಳು ನಾನು. ಸಹಿ ಅವನದು, ಮಾತು ನನ್ನದು. ಇಷ್ಟು ವರ್ಷ ಅವನು ನನ್ನ ಹೆಸರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಸಿಟ್ಟು ನನ್ನ ಮೇಲಿರಲಿ. ಸೋಮವಾರ ನೀನು ಅವನ ಪಕ್ಕ ಕೂತಿರಬೇಕು.