ಕೆಂಪು ಹರಳಿಗೆ ಬಿಳಿ ಪೆನ್ಸಿಲ್

ಚೈತ್ರಾ,

ಎದ್ದ ಮೇಲೂ ನನ್ನ ಕೂಡೆ ಮಾತು ಬಿಟ್ಟಿರ್ತೀಯೋ ಏನೋ, ಅದಕ್ಕೆ ಬರೆದಿಟ್ಟು ಹೊಂಟೀನಿ. ಚನ್ನಗಿರಿ ಬಸ್ಸಿಗೆ ಟೈಮಾತು.

ನಿನ್ನ ಬಿಳಿ ಪೆನ್ಸಿಲ್ ತಗೊಂಡು ಕಪ್ಪು ಬ್ಲೌಸ್ ಪೀಸಿಗೆ ಗುರುತು ಹಾಕಿದ್ದು ನನ್ನದೇ ತಪ್ಪು, ಒಪ್ಕೊಂಡೆ. ಬಿಳಿ ಹಾಳೆ ಮೇಲೆ ಬಿಳಿ ಪೆನ್ಸಿಲ್ ಏನು ಕಾಣ್ತೈತೆ, ಸುಮ್ನೆ ದಂಡಕ್ಕೆ ಬಿದ್ದೈತೆ ಅಂದ್ಕೊಂಡೆ. ಆರು ಬ್ಲೌಸ್ ಮುಗಿಯೋದ್ರೊಳಗೆ ಅದು ಉಗುರಿನಷ್ಟಾತು. ನೀನು ಬರೆಯೋ ಬೆಂಡೋಲೆ ಪಟದಾಗೆ ಹರಳಿಗೆ ಹೊಳಪು ಕೊಡೋದೇ ಅದು ಅಂತ ನಿನ್ನೆ ನೀನು ಅತ್ತಾಗಲೇ ಗೊತ್ತಾಗಿದ್ದು. ಹಂಗಂತ ಊಟ ಬಿಡೋದೇನಿತ್ತು?

ನಾಳೆ ಶಾಲೆಗೆ ಪಟ ಒಯ್ಯಬೇಕಲ್ಲ, ಹೊಸದು ತರ್ತೀನಿ. ಬಿಡಿ ಕೊಡಲ್ಲ ಅಂದ್ರೆ ಡಬ್ಬೀನೇ ತರ್ತೀನಿ. ಅಲ್ಲೀಗಂಟ ಕೆಂಪು ತುಂಬ್ಕೋ. ರೊಟ್ಟಿ ಬುಟ್ಟ್ಯಾಗೈತೆ. ತಿಂದು ಕೈ ತೊಳ್ಕೊಂಡು ಕೂತ್ಕೋ, ಹಾಳೆಗೆ ಎಣ್ಣೆ ಹತ್ತಿದ್ರೆ ಅದಕ್ಕೂ ನಾನೇ ಕಾರಣ ಅಂತೀಯ.

ಮೊಬೈಲ್ ನೋಡ್ಕೊಂಡು ಬರೀಬೇಡ, ಹರಳು ಹೋಗಿ ದಾಳಿಂಬೆ ಕಾಳಾಗೈತೆ. ನನ್ನ ಬೆಂಡೋಲೆ ಬಿಚ್ಚಿ, ಮಷೀನ್ ಮೇಲಿರೋ ಗುಂಡಿ ಡಬ್ಬ್ಯಾಗೆ ಇಟ್ಟೀನಿ. ಕಿಟಕಿ ಬಿಸಿಲಿಗೆ ಹಿಡಿದು, ಅದರ ಕೆಂಪು ಹರಳು ನೋಡಿ ಬರಿ.

ನಾನು ಕಿವಿಗೆ ಕಸಬರಿಗೆ ಕಡ್ಡಿ ಚುಚ್ಕೊಂಡು ಸೆರಗು ಹೊದ್ದು ಹೊಂಟೀನಿ. ಮದುವೆಯಾದಾಗಿಂದ ಓಲೆ ಇಲ್ದೆ ಹೊಸಿಲು ದಾಟಿದ್ದು ಇದೇ ಮೊದಲು, ಅಜ್ಜಿಗೆ ಹೇಳಬೇಡ. ಬಸ್ಸಿನಾಗೆ ಯಾರಾದ್ರೂ ಕೇಳಿದ್ರೆ, ಓಲೆ ಮನ್ಯಾಗೆ ಕೂತೈತೆ, ಮಗಳ ಕೈಲಿ ಪಟ ಬರೆಸ್ಕೊಳ್ಳಾಕೆ ಅಂತೀನಿ.

ಅಮ್ಮ