ಸೂಗಿ ಕದ್ದು ತಿಂದ ಉಪ್ಪು

ಯತ್ತೀ, ನಿಮ್ಮ ಸೊಸೆಯ ಶರಣು.

ನಿಮಗೆ ಬಂದ ಕಾಗದಗಳನ್ನೆಲ್ಲ ನಿಮ್ಮ ಮೊಮ್ಮಗಳು ಸೂಗಿಯೇ ಓದಿ ಹೇಳುತ್ತಿದ್ದಳು, ನೆನಪಿದೆಯೇ? ನಿಮ್ಮ ತೊಡೆಗೆ ಒರಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು. ಇದನ್ನು ಅಲ್ಲಿ ಯಾರು ಓದಿ ಹೇಳುತ್ತಾರೋ ನನಗೆ ತಿಳಿಯದು. ಏಳು ವರ್ಷಗಳಲ್ಲಿ ಎಷ್ಟೋ ಸಲ ಹಾಳೆ ಮುಂದಿಟ್ಟುಕೊಂಡು ಕೂತು, ಏನೂ ಬರೆಯದೆ ಎದ್ದಿದ್ದೇನೆ. ಹೆದರಿಕೆ. ನಿಮ್ಮದೇ ಹೆದರಿಕೆ. ನೀವು ಬದುಕಿದ್ದಾಗ ನಾನು ನಿಮಗೆ ಒಂದು ದಿನವೂ ಹೆದರಿದವಳಲ್ಲ, ಅದು ನಿಮಗೂ ಗೊತ್ತು.

ನೀವು ಹೋಗುವ ಮುಂಚಿನ ಆ ದೀಪಾವಳಿಗೆ ಸೂಗಿಯ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನು ಕೂಗಿದಿರಿ. “ಇಲ್ಲಿ ಬಾರಬೇ. ಕೂಸಿನ ಎಲುಬು ಎಣಿಸಾಕ ಬರ್ತಾವ ನೋಡು.” ಅವಳಿಗೆ ಆಗ ಒಂಬತ್ತು. ದೇವಸುಗೂರಿನ ಗುಡಿಯಲ್ಲಿ ಹೆಸರಿಟ್ಟ ದಿನ ಬೆಣ್ಣೆಯಂತಿದ್ದ ಕೂಸು, ಮೊಣಕೈ, ಮೊಣಕಾಲು, ಬೆರಳ ಗಿಣ್ಣುಗಳಲ್ಲಿ ಮಸಿ ಬಳಿದಂತಾಗಿದ್ದಳು. ಅಂಗೈಯ ಗೆರೆಗಳೂ ಕಪ್ಪು. ನಾನು ಬಿಸಿಲಿಗೆ ಅಂದೆ. ದೇವದುರ್ಗದ ಬಿಸಿಲಿನಲ್ಲಿ ಯಾರು ತಾನೇ ಕಪ್ಪಾಗುವುದಿಲ್ಲ? ದಿನಾ ಕಡಲೆಹಿಟ್ಟು ಹಚ್ಚಿ, ಅವಳು ಅಳುವ ತನಕ ತಿಕ್ಕಿದೆ. ಬಣ್ಣ ಬಿಡಲಿಲ್ಲ. ಬೆಳಿಗ್ಗೆ ಎದ್ದು ನಿಂತವಳು ತಲೆ ಹಿಡಿದುಕೊಂಡು ಮತ್ತೆ ಕೂತುಬಿಡುತ್ತಿದ್ದಳು. ಉಂಡದ್ದನ್ನು ಕಕ್ಕುತ್ತಿದ್ದಳು. ಹಿಂದಿನ ವರ್ಷದ ಲಂಗ ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು, ಉದ್ದ ಮಾತ್ರ ಹಾಗೇ ಸರಿಹೋಗುತ್ತಿತ್ತು. ಒಂಬತ್ತು ವರ್ಷದ ಮಗು ವರ್ಷವಿಡೀ ಒಂದು ಬೆರಳೂ ಬೆಳೆದಿಲ್ಲ ಎಂಬುದು ನನಗೇಕೆ ಹೊಳೆಯಲಿಲ್ಲ...

ಉಪ್ಪು ಕದಿಯುತ್ತಾಳೆಂದು ನನಗೆ ತಿಳಿದದ್ದು ಸಂಕ್ರಾಂತಿಯ ಹೊತ್ತಿಗೆ. ಅಡುಗೆಮನೆಯ ಮೂಲೆಯಲ್ಲಿ ಉಪ್ಪಿನ ಗಡಿಗೆಯೊಳಗೆ ಕೈಯಿಟ್ಟುಕೊಂಡು ಕೂತಿದ್ದಳು. ಬಾಯಿ ತುಂಬ ಉಪ್ಪಿನ ಹಳ್ಳು, ಕಲ್ಲುಸಕ್ಕರೆ ಜಗಿದಂತೆ ಕಟಕಟ ಜಗಿಯುತ್ತಿದ್ದಳು. ನಾನು ಬೆನ್ನಿಗೆ ಎರಡು ಬಾರಿಸಿದೆ. ನೀವು ಅಡ್ಡ ಬಂದಿರಿ. “ದನ ಸುದ್ದಾ ಉಪ್ಪು ಬೇಕಾದ್ರ ಮನಿ ಗ್ವಾಡಿ ನೆಕ್ಕತಾವ. ಕೂಸಿನ ಮೈ ಕೇಳಾಕತ್ತದ, ಕೊಡು.” ನಾನು ಕೇಳಲಿಲ್ಲ. ಮಾನ್ವಿಯಲ್ಲಿ ಏಳನೇ ಕ್ಲಾಸು ಕಲಿತು ಬಂದವಳು, ದನ ಕಾಯುತ್ತಾ ಬೆಳೆದ ನಿಮ್ಮ ಮಾತಿಗೆ ಯಾಕೆ ಬೆಲೆ ಕೊಡಲಿ?

ಅರಕೇರಾ ಕಡೆಯ ನಾಟಿ ಔಷಧಿಯವ ಮನೆಗೆ ಬಂದ ದಿನ ನೀವು ಬಾಗಿಲಲ್ಲೇ ನಿಂತಿದ್ದಿರಿ. ಆತ ಸೂಗಿಯ ಉಗುರು ನೋಡಿ, ಕಣ್ಣು ನೋಡಿ, “ರಗತ ಕೆಟ್ಟದ. ಉಪ್ಪು ಪೂರಾ ಬಂದ್ ಮಾಡ್ರಿ, ಸಪ್ಪನ್ನ ಹಾಕ್ರಿ” ಅಂದ. ನಿಮ್ಮ ಮಗ ಮಾನ್ವಿಯ ಅಕ್ಕಿ ಗಿರಣಿಯ ಕೆಲಸ ಬಿಟ್ಟು ಬರುತ್ತಿದ್ದದ್ದು ವಾರಕ್ಕೊಮ್ಮೆ; ಮನೆಯಲ್ಲಿ ನಾನೇ ತೀರ್ಮಾನಿಸಬೇಕು. ನಾನು ಉಪ್ಪಿನ ಗಡಿಗೆಯನ್ನು ಅಟ್ಟಕ್ಕೇರಿಸಿದೆ. ಅವಳ ತಟ್ಟೆಗೆ ಸಪ್ಪೆ ಬೇಳೆ, ಸಪ್ಪೆ ರೊಟ್ಟಿ. “ಯವ್ವಾ, ಒಂದ ಹಳ್ಳು, ಒಂದ” ಎಂದು ಅವಳು ನನ್ನ ಸೆರಗು ಹಿಡಿದು ಬೇಡುವಾಗ, ನನ್ನ ಮನಸ್ಸಿನಲ್ಲಿ ಇದ್ದದ್ದು ಹಟವಲ್ಲ ಯತ್ತೀ, ಭಯ. ಕೊಟ್ಟರೆ ಸಾಯುತ್ತಾಳೆ ಎಂಬ ಭಯ.

ನಿಮ್ಮ ಎಲೆಯಡಿಕೆಯ ಸಂಚಿಯಲ್ಲಿ ನಾನು ಸುಣ್ಣ ಹುಡುಕಿದ ದಿನ ಒಂದು ಅರಿವೆಯ ಗಂಟು ಕೈಗೆ ಸಿಕ್ಕಿತು. ಬಿಚ್ಚಿದರೆ ಉಪ್ಪು. ಆವತ್ತು ಆಡಿದ ಮಾತನ್ನು ಇಲ್ಲಿ ಬರೆಯಲೇಬೇಕು. “ನಿಮ್ಮ ಕೈಯಾರ ಮೊಮ್ಮಗಳನ್ನ ಕೊಲ್ಲಾಕತ್ತೀರಿ” ಅಂದೆ. ನೀವು ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡು, ಮತ್ತೆ ಸಂಚಿಗೆ ಹಾಕಿಕೊಂಡಿರಿ. ಆಮೇಲೆ ನಾವು ಮಾತಾಡಲಿಲ್ಲ. ಶಿವರಾತ್ರಿ ಕಳೆದು ಒಂದು ವಾರಕ್ಕೆ, ಜೋಳ ಹಸನು ಮಾಡುತ್ತಾ ಕೂತಿದ್ದವರು ಮೊರದ ಮೇಲೇ ಬಾಗಿದಿರಿ. ನಾನು ಓಡಿ ಬರುವಷ್ಟರಲ್ಲಿ...

ನಿಮ್ಮನ್ನು ಮಣ್ಣು ಮಾಡಿದ ಒಂಬತ್ತನೆಯ ದಿನ ಸೂಗಿ ಏಳಲಿಲ್ಲ. ನೀರು ಕುಡಿಸಿದರೆ ನೀರೇ ವಾಪಸ್ಸು. ಕೈಕಾಲು ತಣ್ಣಗೆ. “ಅಜ್ಜಿ, ಅಜ್ಜಿ” ಎಂದು ಕನವರಿಸುತ್ತಿದ್ದಳು. ಪಕ್ಕದ ಮನೆಯ ಶರಣಮ್ಮ ಒಳಗೆ ಬಂದು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ಹೇಳಿದಳು: “ಮುದುಕಿಗಿ ಮೊಮ್ಮಗಳ ಮ್ಯಾಲೆ ಭಾಳ ಜೀವ ಇತ್ತು. ಕರಕೊಂಡು ಹೋಗಾಕ ಬಂದಾಳ.” ನಾನು ನಂಬಿದೆ. ಯತ್ತೀ, ತಕ್ಷಣ ನಂಬಿದೆ. ಅಂಥ ಮಾತು ಕೇಳಿಸಿಕೊಂಡು ಸತ್ತವರು ಸುಮ್ಮನಿರುತ್ತಾರೆಯೇ ಎಂದುಕೊಂಡೆ. ನಿಮ್ಮ ಸೀರೆ, ನಿಮ್ಮ ಸಂಚಿ, ಎಲ್ಲವನ್ನೂ ಊರ ಹೊರಗೆ ಚೆಲ್ಲಿಸಿದೆ. ನೋಡಿದರೆ ಸೂಗಿ ಕಣ್ಣು ತೆರೆದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮರುದಿನ ರಾಯಚೂರಿನ ಬಸ್ಸಿನಲ್ಲಿ ಅವಳನ್ನು ಮಡಿಲಲ್ಲಿ ಹಾಕಿಕೊಂಡು ಕೂತೆ. ಬೆಳಗಿನ ಬಸ್ಸು, ಜನ ಕಿಕ್ಕಿರಿದಿದ್ದರು. ಆದರೂ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಮಗುವನ್ನು ನೋಡಿ ಹೆದರಿದ್ದರೋ ಏನೋ. ನನಗೆ ಮಾತ್ರ ಅಲ್ಲಿ ನೀವು ಕೂತಂತೆಯೇ ಇತ್ತು. ತಿರುಗಿ ನೋಡುವ ಧೈರ್ಯವಿರಲಿಲ್ಲ. “ಯತ್ತೀ, ಕಾಲಿಗಿ ಬೀಳ್ತೀನಿ. ನಂದು ತಪ್ಪಾತು. ಆಕೀನ್ನ ಬಿಟ್ಟು ಹೋಗ್ರಿ, ಬೇಕಾದ್ರ ನನ್ನ ಒಯ್ಯಿರಿ” ಎಂದು ದಾರಿಯುದ್ದಕ್ಕೂ ಪಿಸುಗುಟ್ಟಿದೆ. ಪ್ರತಿ ಊರಿನ ನಿಲುಗಡೆಯಲ್ಲೂ ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ.

ದವಾಖಾನೆಯ ಡಾಕ್ಟರಮ್ಮನಿಗೆ ನನಗಿಂತ ಚಿಕ್ಕ ವಯಸ್ಸು. ಸೂಗಿಯ ತುಟಿಯನ್ನು ಬೆರಳಿನಿಂದ ಮೇಲೆತ್ತಿದರು. ಒಸಡಿನ ಮೇಲೆ ನೇರಳೆಹಣ್ಣು ತಿಂದಂತೆ ಕಪ್ಪು ಕಲೆಗಳು. “ಯಾವಾಗಿಂದ ಹಿಂಗ ಕಪ್ಪಾಗ್ಯಾಳ?” ಅಂದರು. “ಬಿಸಲಿಗಿರೀ” ಅಂದೆ. ಅವರು ನನ್ನನ್ನೇ ನೋಡಿದರು. “ಬಾಯೊಳಗ ಬಿಸಲು ಬೀಳ್ತದೇನವ್ವಾ?” ಅಷ್ಟರಲ್ಲಾಗಲೇ ಕೈಗೆ ಸೂಜಿ ಚುಚ್ಚಿ ಸಲೈನ್ ಹಚ್ಚಿದ್ದರು. ಏನೋ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಸೂಗಿ ಕಣ್ಣು ಬಿಟ್ಟು ನೀರು ಕೇಳಿದಳು. ಕುಡಿದದ್ದು ಹೊಟ್ಟೆಯಲ್ಲಿ ಉಳಿಯಿತು. ಆಗ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಕೇಳಿದರು, “ಈಕಿ ಉಪ್ಪು ಭಾಳ ತಿಂತಿದ್ಲಾ?”

“ಕದ್ದು ತಿಂತಿದ್ಲ್ರೀ. ನಾ ಬಿಡಿಸೀನಿ.”

“ಬಿಡಿಸಿ ಎಷ್ಟು ದಿನ ಆತು?”

“ಎರಡು ತಿಂಗಳಾತ್ರಿ. ಆದ್ರ ನಮ್ಮತ್ತಿ ನನಗ ಕಾಣದಂಗ ಕೊಡ್ತಿದ್ರು.”

“ಅವರೆಲ್ಲಿ ಈಗ?”

“ತೀರಿಕೊಂಡ್ರು. ಹತ್ತು ದಿನ ಆತ್ರಿ.”

ಡಾಕ್ಟರಮ್ಮ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಸಮಾಧಾನವಾಗಿ ತಿಳಿಸಿ ಹೇಳಿದರು. ಕಿಡ್ನಿಗಳ ನೆತ್ತಿಯ ಮೇಲೆ ಎರಡು ಸಣ್ಣ ಗ್ರಂಥಿಗಳಿರುತ್ತವಂತೆ. ಮೈಯಲ್ಲಿ ಉಪ್ಪನ್ನು ಹಿಡಿದಿಡುವುದು, ಕಾಯಿಲೆ ಬಿದ್ದಾಗ ಮೈಗೆ ತಡೆದುಕೊಳ್ಳುವ ಬಲ ಕೊಡುವುದು ಅವುಗಳ ಕೆಲಸ. ಸೂಗಿಯವು ಕೆಟ್ಟಿವೆ, ತಿಂದ ಉಪ್ಪೆಲ್ಲ ಮೂತ್ರದಲ್ಲಿ ಹರಿದುಹೋಗುತ್ತದೆ. ಮೈ ಕಪ್ಪಾದದ್ದು, ಬೆಳವಣಿಗೆ ನಿಂತದ್ದು, ಎಲ್ಲವೂ ಅದರಿಂದಲೇ. “ಬರೇ ಉಪ್ಪಿನಿಂದ ಇದು ನೆಟ್ಟಗಾಗೂದಿಲ್ಲ, ದಿನಾ ಗುಳಿಗಿ ಬೇಕು. ಆದ್ರ ಈ ಹುಡುಗಿ ಇಲ್ಲೀತನಕ ಉಳದಾಳ ಅಂದ್ರ, ಆ ಹಿರಿಯಾಕಿ ಕೊಟ್ಟ ಉಪ್ಪು ಉಳಿಸ್ಯದ.” ಹೈದರಾಬಾದಿಗೆ ಕಳಿಸಿದ ರಕ್ತದ ವರದಿಯೂ ಅದನ್ನೇ ಹೇಳಿತು. ಯತ್ತೀ, ನೀವು ಅವಳನ್ನು ಕರೆದುಕೊಂಡು ಹೋಗಲು ಬಂದಿರಲಿಲ್ಲ. ನೀವು ಇಲ್ಲದ್ದಕ್ಕೇ ಅವಳು ಹೋಗುತ್ತಿದ್ದಳು.

ಆವತ್ತಿನಿಂದ ಎದ್ದ ಕೂಡಲೇ ನನ್ನ ಕೈ ಹೋಗುವುದು ಗುಳಿಗೆಯ ಡಬ್ಬಿಗೆ. ಒಂದು ದಿನವೂ ತಪ್ಪಿಸುವಂತಿಲ್ಲ, ಜ್ವರ ಬಂದರೆ ಎರಡರಷ್ಟು ಕೊಡಬೇಕು, ವಾಂತಿಯಾದರೆ ಓಡಬೇಕು. ಅವಳು ಸೀನಿದರೂ ಹಣೆ ಮುಟ್ಟಿ ನೋಡುತ್ತೇನೆ. ಮಳೆಗೆ ಬಸ್ಸು ನಿಂತ ವಾರ, ಡಬ್ಬಿಯಲ್ಲಿ ಎರಡೇ ಗುಳಿಗೆ ಉಳಿದಿದ್ದಾಗ, ನಿಮ್ಮ ಮಗ ಮಾನ್ವಿಯ ಅಂಗಡಿಯಿಂದ ತಂದುಕೊಡುವ ತನಕ ನಾನು ಉಣ್ಣಲಿಲ್ಲ. ಸೂಗಿ ಈಗ ನನ್ನ ಭುಜಕ್ಕೆ ಬರುತ್ತಾಳೆ. ಅಂಗೈ ಗೆರೆ ತಿಳಿಯಾಗಿವೆ. ಎಸ್ಸೆಸ್ಸೆಲ್ಸಿ ಪಾಸಾದಳು! ದೇವಸುಗೂರಿನ ಬಳಿ ಕರೆಂಟು ತಯಾರಿಸುವ ಚಿಮಣಿ ಎದ್ದಿದೆ, ಅದನ್ನು ನೋಡಲು ಶಾಲೆಯವರ ಜೊತೆ ಹೋಗಿ ಬಂದಳು. ಸೋಮವಾರ ರಾಯಚೂರಿನ ಹಾಸ್ಟೆಲ್ಲಿಗೆ ಹೊರಟಿದ್ದಾಳೆ, ಮುಂದೆ ಓದಲು. ನನ್ನ ಕಣ್ಣಿನಿಂದ ದೂರ. ಹೇಗೆ ಕಳಿಸಲಿ ಹೇಳಿ?

ಮೊನ್ನೆ ಪೆಟ್ಟಿಗೆ ತುಂಬುವಾಗ ಅದರ ತಳದಲ್ಲಿ ಉಳಿದಿದ್ದ ನಿಮ್ಮ ಫೋಟೋ ಸಿಕ್ಕಿತು. ಸೂಗಿ ಅದನ್ನು ಥಟ್ಟನೆ ಬೋರಲು ಹಾಕಿದಳು. ಏಳು ವರ್ಷದಿಂದ ಹೀಗೆಯೇ. ನಿಮ್ಮ ಹೆಸರೆತ್ತಿದರೆ ಎದ್ದುಹೋಗುತ್ತಾಳೆ, ನಿಮ್ಮನ್ನು ಮಣ್ಣು ಮಾಡಿದ ಹೊಲದ ದಾರಿ ತುಳಿಯುವುದಿಲ್ಲ. ಅಜ್ಜಿ ತನ್ನನ್ನು ಒಯ್ಯಲು ಬಂದಿದ್ದಳು ಎಂದೇ ನಂಬಿದ್ದಾಳೆ. ಅದು ಸುಳ್ಳೆಂದು ನಾನು ಆ ಸಂಜೆಯೇ ಹೇಳಬಹುದಿತ್ತು. ಹೇಳಿದರೆ ನಾನು ಉಪ್ಪು ಬಿಡಿಸಿದ್ದರಿಂದಲೇ ಅವಳು ಸಾಯುವಂತಾದದ್ದೆಂದೂ ಹೇಳಬೇಕಾಗುತ್ತಿತ್ತಲ್ಲ... ನನ್ನ ತಪ್ಪು ಮುಚ್ಚಲು ನಿಮ್ಮನ್ನು ದೆವ್ವ ಮಾಡಿಟ್ಟೆ.

ಮೊನ್ನೆ ಹೇಳಿದೆ. ಎಲ್ಲವನ್ನೂ. ಡಾಕ್ಟರಮ್ಮ ಅಂದದ್ದನ್ನು, ನಾನು ನಿಮಗೆ ಅಂದದ್ದನ್ನು. ಅವಳ ಮುಖ ನೋಡಲಾಗಲಿಲ್ಲ. “ಇಷ್ಟು ವರ್ಷ ಆಕಿ ಹೆಸರು ಕೇಳಿದ್ರ ಮೈ ನಡುಗತಿತ್ತಲ್ಲಬೇ ನನಗ. ನೋಡಿಕೋತ ಕುಂತಿದ್ಯಲ್ಲ ನೀನು?” ಅಂದಳು. ಎರಡು ದಿನ ಗುಳಿಗೆಯನ್ನು ತಾನೇ ತೆಗೆದು ನುಂಗಿದಳು, ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಇವತ್ತು ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು: “ಆ ಹೊಲದಾಗ ಅಜ್ಜೀನ್ನ ಎಲ್ಲಿ ಮಣ್ಣು ಮಾಡೀರಿ, ತೋರಸ್ತೀಯಾ?”

ನಾನೂ ಈ ಏಳು ವರ್ಷ ಅತ್ತ ಕಾಲಿಟ್ಟಿಲ್ಲ ಯತ್ತೀ. ನಾಳೆ ಕರೆದುಕೊಂಡು ಬರುತ್ತೇನೆ. ಗುರುತು ಸಿಗಲಿ ಎಂದು ಹೇಳುತ್ತೇನೆ: ನನ್ನ ಭುಜದೆತ್ತರಕ್ಕೆ ಬಂದಿರುವ, ಎರಡು ಜಡೆಯ ಹುಡುಗಿ. ಮುಂದೆ ನಡೆದು ಬರುವವಳು ಅವಳೇ. ಹಿಂದೆ ತಲೆ ತಗ್ಗಿಸಿಕೊಂಡು ಬರುವವಳು ನಾನು.

ನಿಮ್ಮ ಸೊಸೆ,
ಬಸಲಿಂಗಮ್ಮ